ಸೈಕಲ್ ಹಾಡಿನ ಕೊನೆಯ ಸಾಲು

ಆಗಸ್ಟ್ ೫, ಮಂಗಳವಾರ

ಮಾತಾಡಬಾರದು. ಪಿಸುಗುಡಲೂಬಾರದು. ಕೆಮ್ಮು ಬಂದರೆ ನೀರು ಕುಡಿದು ಸುಮ್ಮನಾಗಬೇಕು. ನಿನ್ನೆ ಹುಬ್ಬಳ್ಳಿಯಲ್ಲಿ ನನ್ನ ಗಂಟಲೊಳಗಿನ ಗಂಟು ತೆಗೆದ ಡಾಕ್ಟರು ಇದನ್ನೆಲ್ಲ ನಗುನಗುತ್ತ ಹೇಳಿದರು. ಅವರಿಗೇನು, ದಿನವಿಡೀ ಮಾತಾಡಬಹುದು. ಹೈಸ್ಕೂಲಿನಲ್ಲಿ ಇಷ್ಟು ವರ್ಷ ಗಣಿತ ಕಲಿಸಿ, ಹಿಂದಿನ ಬೆಂಚಿಗೂ ಮುಟ್ಟಲಿ ಅಂತ ಒದರಿ ಒದರಿ ನಾನು ಗಳಿಸಿದ ಆಸ್ತಿ ಆ ಗಂಟು. ಧ್ವನಿ ಮೊದಲಿನ ಹಾಗೆ ಬರುತ್ತದೋ ಇಲ್ಲವೋ ಅಂತ ಚೀಟಿಯಲ್ಲಿ ಬರೆದು ಕೇಳಿದೆ. “ನೋಡೂಣು” ಅಂದರು. ಇದು ಉತ್ತರವೇ? ನನ್ನ ಕ್ಲಾಸಿನ ಹುಡುಗ ಹೀಗೆ ಉತ್ತರ ಕೊಟ್ಟಿದ್ದರೆ ಹೊರಗೆ ನಿಲ್ಲಿಸುತ್ತಿದ್ದೆ.

ಅದಕ್ಕೇ ಈ ಡೈರಿ. ಇಲ್ಲಿ ಎಷ್ಟು ಒದರಿದರೂ ಗಂಟಲಿಗೆ ಏನೂ ಆಗುವುದಿಲ್ಲ.

ನವಲಗುಂದದ ಈ ಮನೆಯಲ್ಲಿ ನಾವಿಬ್ಬರೇ. ನಾನು, ಮತ್ತು ಅಪ್ಪನ ತಾಯಿ ಹೀರಾಬಾಯಿ. ನಮಗೆಲ್ಲ ಅವಳು ಆಯಿ. ತೊಂಬತ್ತೇಳು ವರ್ಷ. ಕಣ್ಣು ಹೋಗಿ ಬಹಳ ದಿನವಾಯಿತು, ಕಿವಿ ಮಾತ್ರ ಅಗದಿ ಚುರುಕು. ಹಾಲು ಉಕ್ಕುವ ಮೊದಲೇ ಹೊರಗಿನ ಕಟ್ಟೆಯಿಂದ ಕೂಗುತ್ತಾಳೆ. ದೇವರ ಲೆಕ್ಕ ನೋಡು: ಒಬ್ಬಳಿಗೆ ಕಣ್ಣಿಲ್ಲ, ಇನ್ನೊಬ್ಬಳಿಗೆ ಬಾಯಿಲ್ಲ. ನಾನು ಬರೆದದ್ದು ಅವಳಿಗೆ ಕಾಣದು. ಅವಳು ಕೇಳಿದ್ದಕ್ಕೆ ನಾನು ಹೇಳುವಂತಿಲ್ಲ.

ಸಂಜೆ ಆಯಿ ಅಂಗೈ ಮುಂದೆ ಚಾಚಿದಳು. “ಒಮ್ಮಿ ತಟ್ಟಿದ್ರ ಹೌದು, ಎರಡ ಸಲ ತಟ್ಟಿದ್ರ ಇಲ್ಲ. ತಿಳೀತಿಲ್ಲೋ ಮೃಣಾ?” ಒಮ್ಮೆ ತಟ್ಟಿದೆ. ಮುದುಕಿ ಬಹಳ ಖುಷಿಯಲ್ಲಿದ್ದಾಳೆ. ನಡುವೆ ಬಾಯಿ ಹಾಕುವವರು ಇನ್ನು ಯಾರೂ ಇಲ್ಲವಲ್ಲ.

ಆಗಸ್ಟ್ ೭, ಗುರುವಾರ

ಬೆಳಿಗ್ಗೆಯಿಂದ ಆಯಿಯ ಸಿನಿಮಾ ಕಥೆ. ನನಗೆ ಅದು ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ. ಹುಡುಗಿಯಾಗಿದ್ದಾಗ ಕುಂದಗೋಳದಿಂದ ತನ್ನ ದರ್ಜಿ ಅಪ್ಪನ ಜೊತೆ ಕೊಲ್ಲಾಪುರಕ್ಕೆ ಹೋದದ್ದು. ಅಪ್ಪ ಅಲ್ಲಿನ ಒಂದು ಬಡ ಸಿನಿಮಾ ಕಂಪನಿಗೆ ಬಟ್ಟೆ ಹೊಲಿಯುತ್ತಿದ್ದದ್ದು. ಮೂಲೆಯಲ್ಲಿ ಕುಳಿತು ಗುಂಡಿ ಹಚ್ಚುತ್ತ ಹಾಡುತ್ತಿದ್ದ ಈ ಹುಡುಗಿಯ ದನಿ ಡೈರೆಕ್ಟರ ಕಿವಿಗೆ ಬಿದ್ದದ್ದು. ಆಗ ಎರಡನೇ ಮಹಾಯುದ್ಧ. ರಜೆಯ ಮೇಲೆ ಬಂದ ಸಿಪಾಯಿಗಳು ಥೇಟರು ತುಂಬುತ್ತಿದ್ದರಂತೆ. ಅವರಿಗೆ ಅಳುವ ಕಥೆ ಬೇಡ, ಹಾಡು ಬೇಕು, ನಗೆ ಬೇಕು. ಆಯಿ ಮಾಡಿದ ನಾಲ್ಕು ಸಿನಿಮಾಗಳೂ ಅಂಥವೇ. ಒಂದರಲ್ಲಿ ಹೂ ಮಾರುವವಳು, ಎರಡರಲ್ಲಿ ನಾಯಕಿಯ ಗೆಳತಿ. ಕೊನೆಯದರಲ್ಲಿ, ಪೆಟ್ರೋಲ್ ಸಿಗದೆ ಕಾರು ಮೂಲೆಗೆ ಹಚ್ಚಿದ ಸಾಹುಕಾರನಿಗೆ ಸೈಕಲ್ ಕಲಿಸುವ ಹುಡುಗಿ.

“ಈಗಿನವರ ಹಾಂಗ ತುಟಿ ಅಲ್ಲಾಡ್ಸೂದಲ್ಲ. ದೊಡ್ಡ ಕಂಪನಿಯವರು ಆಗಲೇ ಬ್ಯಾರೇದವರ ಕಡೆ ಹಾಡ್ಸತಿದ್ರು. ನಮ್ಮದು ಬಡ ಕಂಪನಿ. ಕುಣಕೋತ ನೀನ ಹಾಡಬೇಕು, ಓಡಕೋತ ನೀನ ಹಾಡಬೇಕು.”

ಸಂಜೆ ಬಾಜು ಮನೆಯ ನಿಲೋಫರ್ ಬಂದಳು. ಜಮಖಾನ ನೇಯುವವಳು. ಮಗ್ಗದಿಂದ ಎದ್ದವಳು ನೆಟ್ಟಗೆ ನಮ್ಮ ಮನೆಗೇ ಬರುತ್ತಾಳೆ, ಬೆರಳ ಸಂದಿಯಲ್ಲಿ ಇನ್ನೂ ಕೆಂಪು ನೂಲಿನ ಎಳೆ ಇರುತ್ತದೆ. ನನ್ನ ಚೀಟಿಗಳನ್ನು ಆಯಿಗೆ ಓದಿ ಹೇಳುವ ಕೆಲಸ ಅವಳಿಗೆ ಕೊಟ್ಟೆ. ನಾನು ಬರೆದದ್ದು: “ಈ ಕಥೆ ಸಾವಿರ ಸಲ ಕೇಳಿದ್ದೇನೆ, ಸ್ವಲ್ಪ ಹೊತ್ತು ಸುಮ್ಮನೆ ಕೂಡು ಅನ್ನು.”

ಅವಳು ಓದಿದ್ದು: “ಆಯಿ, ಟೀಚರ್ ಅನ್ನಾಕತ್ತಾರ, ನಿಮ್ಮ ಕಥಿ ಭಾಳ ಛಲೋ ಐತ್ರಿ. ಆದ್ರ ನೀವು ದಣೀತೀರಿ, ಒಂಚೂರು ಆರಾಮ ತಗೋರಿ ಅಂತ.”

ಆಯಿ ತಲೆ ವಾಲಿಸಿ ಕೇಳಿಸಿಕೊಂಡಳು. “ನಿಲೋಫರ್, ಇದು ಮೃಣಾ ಬರದದ್ದಲ್ಲ ಬಿಡವಾ. ಆಕಿ ಇಷ್ಟ ಮೆತ್ತಗ ಯಾವಾಗ ಆಗ್ಯಾಳ?”

ಇಬ್ಬರೂ ಸೇರಿ ನನ್ನನ್ನು ಆಡಿಕೊಂಡರು. ನಾನು ಲೋಟ ಕುಕ್ಕಿ ಒಳಗೆ ಬಂದೆ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ತಪ್ಪೇ?

ಆಗಸ್ಟ್ ೧೦, ರವಿವಾರ

ಅಣ್ಣಿಗೇರಿಯಿಂದ ಸಿದ್ದರಾಮ ಅನ್ನುವವರು ಬಂದಿದ್ದರು. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾರೆ, ಹಳೆಯ ಸಿನಿಮಾ ಸಾಮಾನು ಹುಡುಕುವ ಹುಚ್ಚು. ಹಿಂದೆ ಊರೂರು ಟೆಂಟ್ ಹಾಕಿ ಸಿನಿಮಾ ತೋರಿಸುತ್ತಿದ್ದ ಒಂದು ಮನೆತನದ ಅಟ್ಟದಲ್ಲಿ ಅವರಿಗೆ ಒಂದು ತಗಡಿನ ಡಬ್ಬಿ ಸಿಕ್ಕಿದೆ. ಒಳಗೆ ಒಂದೇ ಒಂದು ರೀಲು. ಡಬ್ಬಿಯ ಮೇಲಿದ್ದ ಕಂಪನಿಯ ಹೆಸರು ಹಿಡಿದು, ಅವರಿವರನ್ನು ಕೇಳುತ್ತ, ಕೊನೆಗೆ ನಮ್ಮ ಬಾಗಿಲಿಗೆ ಬಂದಿದ್ದಾರೆ.

“ಬೆಳಕಿಗೆ ಹಿಡದು ನೋಡಿದೆರಿ ಆಯಿ. ಒಂದು ಹುಡುಗಿ ಸೈಕಲ್ ಮ್ಯಾಲೆ ಕುಂತು ಹಾಡಾಕತ್ತಾಳ. ಪುಣೆಗೆ ಕಳಿಸೇನಿ, ಕಂಪ್ಯೂಟರಿಗೆ ಹಾಕಿ ಕೊಡ್ತಾರ. ತಿಂಗಳ ಕೊನೀಗೆ ತಂದು ನಿಮ್ಮ ಟೀವಿಯೊಳಗ ಹಚ್ಚತೀನಿ.”

ನಾನು ಆಯಿಯ ಮುಖ ನೋಡುತ್ತಿದ್ದೆ. ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಇಲ್ಲ. ಸಣ್ಣ ದನಿಯಲ್ಲಿ ಕೇಳಿದಳು: “ಹಾಡು ಪೂರ್ತಿ ಐತೇನ್ರಿ? ಕೊನೀ ಸಾಲಿನ ತನಕ?”

“ಅದನ್ನ ಬಂದ ಮ್ಯಾಲೆ ನೋಡಬೇಕ್ರಿ” ಅಂದರು ಸಿದ್ದರಾಮ.

ಅವರು ಹೋದ ಮೇಲೆ ಆಯಿ ಮಾತಾಡಲಿಲ್ಲ. ಈ ಮನೆಯಲ್ಲಿ ಇಬ್ಬರೂ ಮೌನವಾಗಿದ್ದದ್ದು ಇದೇ ಮೊದಲು. ನನಗೆ ಹಾಯೆನಿಸುತ್ತದೆ ಅಂದುಕೊಂಡಿದ್ದೆ, ಅನಿಸಲಿಲ್ಲ.

ಆಗಸ್ಟ್ ೧೧, ಸೋಮವಾರ

ಸಾವಿರ ಸಲ ಕೇಳಿದ ಕಥೆಯಲ್ಲಿ ಒಂದು ತುಂಡು ನಾನು ಕೇಳಿಯೇ ಇರಲಿಲ್ಲ. ಇವತ್ತು ಹೇಳಿದಳು.

ಸೈಕಲ್ ಹಾಡಿನ ದಿನ. ಊರ ಹೊರಗಿನ ರಸ್ತೆ. ಆಯಿಗೆ ಸೈಕಲ್ ಬರುತ್ತಿರಲಿಲ್ಲ. ಒಬ್ಬ ಆಳು ಚಿತ್ರದಲ್ಲಿ ಕಾಣದ ಹಾಗೆ ಬಗ್ಗಿ ಹಿಂದಿನಿಂದ ಸೀಟು ಹಿಡಿದು ಓಡುತ್ತಿದ್ದ. ಮುಂದೆ ಒಂದು ಚಕ್ಕಡಿಯಲ್ಲಿ ಕ್ಯಾಮೆರಾ. ಬಾಜುಕ್ಕೆ ಇನ್ನೊಂದು ಚಕ್ಕಡಿ, ಅದರಲ್ಲಿ ತಬಲಾದವನು, ಪಿಟೀಲಿನವನು, ಹಾರ್ಮೋನಿಯಂ ಮಾಸ್ತರ.

“ಯುದ್ಧದಾಗ ಫಿಲ್ಮ್ ಸಿಗತಿದ್ದಿಲ್ಲ, ಸರಕಾರ ಅಳದು ಕೊಡ್ತಿತ್ತು. ಒಂದ ಸಲ ತಗದ್ರ ಮುಗೀತು, ಎರಡನೇ ಸಲ ಇಲ್ಲ. ಹಿಂದಿನ ದಿನ ಪೂರಾ ತಾಲೀಮು ಮಾಡಿಸಿದ್ರು. ಹಾಡು ಅಗದಿ ಪಸಂದ ಆತು ಮೃಣಾ. ಕೊನೀ ಸಾಲಿಗೆ ಬಂದೆ. ಅರ್ಧಾ ಹಾಡೇನಿ, ಬಾಜುಕಿನ ಚಕ್ಕಡಿ ಗಾಲಿ ತಗ್ಗಿಗೆ ಇಳೀತು. ಮಾಸ್ತರ ಪೆಟಗಿ ಸಮೇತ ಕೆಳಗ ಬಿದ್ದ. ಬಿದ್ದಲ್ಲೇ ಮಕಾಡೆ ಮಲಕೊಂಡು ಬಾರಸಾಕತ್ತಿದ್ದ! ನನಗ ತಡೀಲಿಲ್ಲವಾ. ನಕ್ಕಬಿಟ್ಟೆ.”

ಡೈರೆಕ್ಟರು ಎಲ್ಲರ ಮುಂದೆ ಬೈದರಂತೆ. ಇದ್ದ ಫಿಲ್ಮ್ ಮುಗಿದಿತ್ತು. ನಗು ಕತ್ತರಿಸಿದರೆ ಕೊನೆಯ ಸಾಲೂ ಹೋಗುತ್ತದೆ, ಇಟ್ಟರೆ ಹಾಡು ಕೆಟ್ಟಿತು. ಏನು ಮಾಡುತ್ತಾರೋ ಗೊತ್ತಾಗುವ ಮೊದಲೇ ಲಗ್ನ ನಿಶ್ಚಯವಾಗಿ ಆಯಿ ನವಲಗುಂದಕ್ಕೆ ಬಂದಳು. ಬೀಗರು ಮಾತುಕತೆಯಲ್ಲೇ ಒಂದು ಶರತ್ತು ಹಾಕಿದ್ದರು: ಸೊಸೆ ಇನ್ನು ಹಾಡಬಾರದು, ಆಕೆಯ ಸಿನಿಮಾ ಈ ಮನೆಯವರು ಯಾರೂ ನೋಡಬಾರದು. ಹುಬ್ಬಳ್ಳಿಯಲ್ಲಿ ಆ ಸಿನಿಮಾ ವಾರಗಟ್ಟಲೆ ಓಡಿತಂತೆ. ಅಜ್ಜನೂ ಹೋಗಲಿಲ್ಲ, ಆಯಿಯೂ ಹೋಗಲಿಲ್ಲ. ಊರಿನವರು ಹೋದರು. ಆದರೆ ದೊಡ್ಡ ಮನೆಯ ಸೊಸೆಗೆ ನಿನ್ನ ನಗು ಕಂಡೆ ಅಂತ ಎದುರಿಗೆ ಯಾರು ಹೇಳುತ್ತಾರೆ? ಹಾಡಿನ ಗ್ರಾಮೊಫೋನ್ ತಟ್ಟೆಯೂ ಬರಲಿಲ್ಲ, ಯುದ್ಧದಲ್ಲಿ ಅದನ್ನು ಮಾಡುವ ಅರಗೂ ಸಿಗುತ್ತಿರಲಿಲ್ಲ.

“ನನ್ನ ತಪ್ಪಿನ ಸಲುವಾಗಿ ಹಾಡಿನ ಬಾಲಾ ಕತ್ತರಿಸಿದ್ರೋ, ಇಲ್ಲಾ ಇರಲಿ ಬಿಡು ಅಂತ ಇಟ್ರೋ? ಅಷ್ಟ ಗೊತ್ತಾದ್ರ ಸಾಕು ನನಗ. ಬ್ಯಾರೆ ಏನೂ ಬ್ಯಾಡ. ಯಾರ ಮುಂದೂ ಕೇಳಾಕ ಬರಲಿಲ್ಲ ನೋಡು, ಇಷ್ಟ ವರ್ಷ.”

ಅಂಗೈ ಚಾಚಿ ಕುಳಿತಿದ್ದಳು. ಒಮ್ಮೆಯೂ ತಟ್ಟಲಿಲ್ಲ, ಎರಡು ಸಲವೂ ತಟ್ಟಲಿಲ್ಲ. ಸುಮ್ಮನೆ ಕೈ ಹಿಡಿದುಕೊಂಡೆ.

ಆಗಸ್ಟ್ ೧೩, ಬುಧವಾರ

ಸಿದ್ದರಾಮ ಅವರ ಮೆಸೇಜು ಬಂತು. ಚಿತ್ರ ಬಹಳ ಮಟ್ಟಿಗೆ ಸರಿ ಇದೆಯಂತೆ. ಆದರೆ ರೀಲಿನ ಅಂಚಿನಲ್ಲಿ ಧ್ವನಿ ಅಚ್ಚಾದ ಪಟ್ಟಿ ಇರುತ್ತದಲ್ಲ, ಅದನ್ನು ತೇವ ತಿಂದಿದೆ. ಒಂದು ಅಕ್ಷರವೂ ಕೇಳಿಸುವುದಿಲ್ಲ.

ಅಯ್ಯೋ ದೇವರೇ. ಕಣ್ಣಿಲ್ಲದವಳಿಗೆ ಮೂಕ ಸಿನಿಮಾ.

ಚೀಟಿ ಬರೆದು ನಿಲೋಫರಳಿಗೆ ಕೊಟ್ಟೆ. ಅವಳು ಓದಿದಳು, ನನ್ನ ಮುಖ ನೋಡಿದಳು, ಚೀಟಿ ಮಡಚಿ ಕುಪ್ಪಸದಲ್ಲಿ ಇಟ್ಟುಕೊಂಡಳು. “ಆಯಿ, ಸಿನಿಮಾ ಲಗೂನ ಬರತೈತಂತ್ರಿ” ಅಂದಳು. ಅಡುಗೆಮನೆಗೆ ಎಳೆದೊಯ್ದು ಕಣ್ಣು ಕೆಕ್ಕರಿಸಿದೆ. “ನನ್ನ ಕೈಲಿ ಆಗೂದಿಲ್ರಿ ಟೀಚರ್. ಆಯಿ ಮುಂಜಾನೆಯಿಂದ ಆ ಹಾಡು ಗುನುಗಾಕತ್ತಾರ. ನೀವ ಹೇಳ್ರಿ, ಬಾಯಿ ಬಂದ ಮ್ಯಾಲೆ.”

ನಾನೇ! ಊರಿನ ಕೆಟ್ಟ ಸುದ್ದಿಗೆಲ್ಲ ನಾನೇ ಆಗಬೇಕು.

ಆಗಸ್ಟ್ ೧೫, ಶುಕ್ರವಾರ

ಧ್ವಜಾರೋಹಣ. ಕವಾಯತಿಗೆ ಪ್ರತಿ ವರ್ಷ ಕೂಗು ಕೊಡುವವಳು ನಾನು. ಇವತ್ತು ಮೈಕಿನಲ್ಲಿ ಬೇರೆ ಯಾರದೋ ದನಿ, ಮನೆಯ ತನಕ ಕೇಳಿಸಿತು. ಅಳು ಬಂತು. ಅಳುವಾಗಲೂ ಸಪ್ಪಳ ಮಾಡಬಾರದು.

ಆಗಸ್ಟ್ ೧೯, ಮಂಗಳವಾರ

ಹುಬ್ಬಳ್ಳಿಗೆ ಹೋಗಿ ಬಂದೆ. ಗಾಯ ಮಾಗಿದೆ, ಸ್ವಲ್ಪ ಸ್ವಲ್ಪ ಮಾತಾಡಬಹುದು, ಒದರುವಂತಿಲ್ಲ ಅಂದರು. ನಿಮ್ಮ ಹೆಸರು ಹೇಳಿ ಅಂದರು. ಬಾಯಿ ತೆರೆದೆ. ಬಂದದ್ದು ನನ್ನ ದನಿಯಲ್ಲ. ದಪ್ಪ, ಒಡಕು, ನಡುನಡುವೆ ಬರೀ ಗಾಳಿ. ತುಕ್ಕು ಹಿಡಿದ ಗೇಟು ತೆರೆದ ಹಾಗೆ. “ಇನ್ನೂ ಸುಧಾರಿಸಬಹುದು” ಅಂದರು ಡಾಕ್ಟರು. ಬಹುದು!

ಈ ದನಿ ಇಟ್ಟುಕೊಂಡು ಕ್ಲಾಸಿಗೆ ಹೇಗೆ ಹೋಗಲಿ? ಹುಡುಗರು ನಗುತ್ತಾರೆ. ಬಸ್ಸಿನಲ್ಲಿ ಕಂಡಕ್ಟರಿಗೂ ಚೀಟಿಯಲ್ಲೇ ಊರು ಬರೆದು ತೋರಿಸಿದೆ. ಮನೆಗೆ ಬಂದು ಆಯಿಯ ಅಂಗೈಗೆ ಎರಡು ಸಲ ತಟ್ಟಿದೆ. ಇಲ್ಲ, ಇನ್ನೂ ಬಂದಿಲ್ಲ. ನಾನು ಸುಳ್ಳು ಹೇಳಿದೆ, ಅದೂ ಬಾಯಿ ತೆರೆಯದೆ.

ಆಗಸ್ಟ್ ೨೧, ಗುರುವಾರ

ಇವತ್ತು ಹೇಳಿಯೇ ಬಿಟ್ಟೆ. ಬೆಳಿಗ್ಗೆ ಆಯಿ ನಿಲೋಫರಳಿಗೆ ಹೇಳುತ್ತಿದ್ದಳು: “ಕಣ್ಣಿಲ್ಲದಿದ್ರ ಏನಾತು, ನನ್ನ ಹುಡುಗಿತನದ ದನಿ ಕೇಳಸ್ತೈತಲ್ಲ, ಅದರಾಗ ನಗು ಐತೋ ಇಲ್ಲೋ ಕಿವೀಗೆ ಗೊತ್ತಾಗತೈತಿ.” ನಿಲೋಫರ್ ನನ್ನ ಕಡೆ ನೋಡಿದಳು. ನನಗೆ ತಡೆಯಲಾಗಲಿಲ್ಲ.

“ಆಯಿ, ಆ ಸಿನಿಮಾಕ್ಕ ಧ್ವನಿ ಉಳದಿಲ್ಲ. ಚಿತ್ರ ಅಷ್ಟ ಐತಿ.”

ಇದು ಗಂಟಲು ಕೊಯ್ಸಿಕೊಂಡ ಮೇಲೆ ಮನೆಯಲ್ಲಿ ನಾನಾಡಿದ ಮೊದಲ ಮಾತು. ನಿಲೋಫರ್ ಸೆರಗು ಬಾಯಿಗೆ ಒತ್ತಿಕೊಂಡಳು. ಆಯಿ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದಳು.

ಆಮೇಲೆ ಆಯಿ ಹೇಳಿದಳು: “ಹಾಂಗಾದ್ರ ನೀ ನೋಡಿ ಹೇಳಬೇಕು.”

“ಈ ಗಂಟಲದಾಗ? ನಿಲೋಫರ್ ಹೇಳ್ತಾಳ. ಆಕಿ ದನಿ ಎಷ್ಟ ಛಂದ ಐತಿ.”

“ನಿಲೋಫರ್ ಬಾಯಾಗ ಎಲ್ಲಾನೂ ಛಂದನ ಇರತೈತಿ. ನಗು ಕತ್ತರಿಸಿದ್ರೂ ಆಕಿ ಐತ್ರಿ ಆಯಿ ಅಂತಾಳ. ಅಲ್ಲೇನವಾ?” ನಿಲೋಫರ್ ತಲೆ ತಗ್ಗಿಸಿದಳು. “ನೀ ಹಾಂಗ ಅನ್ನಾಕಿ ಅಲ್ಲ. ನಿನ್ನ ಬಾಯಿ ಹರಿತ, ಆದ್ರ ನೀ ಇಲ್ಲಾ ಅಂದ್ರ ಇಲ್ಲ, ಐತಿ ಅಂದ್ರ ಐತಿ. ನನಗ ಅದ ಬೇಕು.”

ಇಷ್ಟು ವರ್ಷ ಎಲ್ಲರೂ ಬೈದದ್ದು ಇದೇ ಬಾಯಿಗೆ. ಎದ್ದು ಅನ್ನದ ಕುಕ್ಕರ್ ನೋಡಲು ಹೋದೆ.

ಆಗಸ್ಟ್ ೨೩, ಶನಿವಾರ

ತಾಲೀಮು ಶುರುವಾಗಿದೆ. ಮುದುಕಿ ಬಿಡುವವಳಲ್ಲ. ಬೆಳಿಗ್ಗೆ ಬಿಸಿನೀರು ಕುಡಿಸಿ ಎದುರಿಗೆ ಕೂಡಿಸಿಕೊಳ್ಳುತ್ತಾಳೆ. ಅವಳು ಕೆಳಗಿನ ಷಡ್ಜ ಹಿಡಿದು ಗುಂಯ್ ಅನ್ನುತ್ತಾಳೆ, ನಾನು ಅದೇ ಎತ್ತರದಲ್ಲಿ ಮಗ್ಗಿ ಹೇಳಬೇಕು. “ನಿನಗ ಹಾಡು ಬರೂದಿಲ್ಲ, ಮಗ್ಗಿ ಬರತೈತಿ. ಮಗ್ಗೀನ ಹೇಳು. ಗಂಟಲ ಬಿಗೀಬ್ಯಾಡ, ಹೊಟ್ಟೀಲೆ ಹೇಳು.” ಹದಿಮೂರರ ಮಗ್ಗಿಯನ್ನು ಯಾರಾದರೂ ಷಡ್ಜದಲ್ಲಿ ಹೇಳಿದ್ದುಂಟೇ! ಆದರೂ ಡಾಕ್ಟರು ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ.

ಸಂಜೆಯದು ಬೇರೆ ಪರೀಕ್ಷೆ. ಕಟ್ಟೆಯ ಮೇಲೆ ಕೂತು ಬೀದಿಯಲ್ಲಿ ಕಂಡದ್ದನ್ನು ಹೇಳಬೇಕು.

“ನಾಯಿ” ಅಂದೆ.

“ಇಷ್ಟನ? ನಾಯಿ ಏನ ಮಾಡಾಕತ್ತೈತಿ?”

“ಮಲಗೇತಿ.”

“ಹೆಂಗ ಮಲಗೇತಿ? ಸಿನಿಮಾದಾಗ ನಾ ಬಂದಾಗೂ ನೀ ‘ಹುಡುಗಿ’ ಅಂದು ಸುಮ್ಮನಾದ್ರ ನಾ ಏನ ಮಾಡಲಿ?”

ಮತ್ತೆ ನೋಡಿದೆ. “ಕಂದು ನಾಯಿ. ಒಂದು ಕಾಲು ಗಟಾರದಾಗ ಇಳಿಬಿಟ್ಟೈತಿ. ಕಿವಿ ಹರದೈತಿ” ಅಂದೆ. “ಹಾಂ, ಈಗ ನಾಯಿ ಬಂತು ನೋಡು” ಅಂದಳು.

ಆಗಸ್ಟ್ ೨೬, ಮಂಗಳವಾರ

ನಾಳೆ ಗಣಪತಿ. ಇವತ್ತು ಸಂಜೆ ಬೀದಿಯಲ್ಲಿ ನೋಡಿದ್ದನ್ನೆಲ್ಲ ಆಯಿಗೆ ಹೇಳುತ್ತ ಹೇಳುತ್ತ ದೀಪ ಹಚ್ಚುವ ಹೊತ್ತಾದದ್ದು ಗೊತ್ತಾಗಲಿಲ್ಲ. ಟ್ರ್ಯಾಕ್ಟರಿನಲ್ಲಿ ಓಣಿಯ ದೊಡ್ಡ ಗಣಪತಿ ಬಂತು. ಮಳೆ ಬರುವ ಹಾಗಿತ್ತು, ಅದಕ್ಕೆ ಸೊಂಡಿಲಿನ ತನಕ ಪ್ಲಾಸ್ಟಿಕ್ ಹೊದಿಸಿದ್ದರು, ಒಂದು ಕಣ್ಣು ಮಾತ್ರ ಹೊರಗೆ. ಓಣಿಯ ತಿರುವಿನಲ್ಲಿ ವಿದ್ಯುತ್ ತಂತಿ ಅಡ್ಡ ಬಂತು. ನಿಲೋಫರಳ ಮಾವ ಬಾಬಾಸಾಬ ಉದ್ದ ಬಿದಿರು ಹಿಡಿದು ತಂತಿ ಎತ್ತಿ ನಿಂತ, ಕೆಳಗಿನಿಂದ ಗಣಪತಿ ಬಗ್ಗದೆ ದಾಟಿ ಹೋದ. ಬಾಬಾಸಾಬನ ಟೊಪ್ಪಿಗೆ ಕೆಳಗೆ ಬಿತ್ತು, ಎರಡೂ ಕೈ ಬಿದಿರಿಗೆ, ಯಾರಾದರೂ ಎತ್ತಿಕೊಡಲಿ ಅಂತ ಕಾಲಿನಿಂದ ತೋರಿಸುತ್ತಿದ್ದ. ಇದನ್ನು ಹೇಳಿದಾಗ ಆಯಿ ತೊಡೆ ತಟ್ಟಿಕೊಂಡಳು.

ಮುಖ್ಯೋಪಾಧ್ಯಾಯರ ಫೋನು ಬಂದಿತ್ತು. ಒಂದನೇ ತಾರೀಖಿಗೆ ಹಾಜರಾಗುತ್ತೀರಾ, ಇಲ್ಲ ಧ್ವನಿಯ ತೊಂದರೆ ಇದ್ದರೆ ಆಫೀಸಿನ ಕೆಲಸಕ್ಕೆ ಬರೆದುಕೊಡುತ್ತೀರಾ ಅಂತ. ಯೋಚಿಸಿ ಹೇಳುತ್ತೇನೆ ಅಂದೆ. ಆಮೇಲೆ ಅದನ್ನು ಯೋಚಿಸಲು ಮರೆತೇ ಹೋಯಿತು.

ಆಗಸ್ಟ್ ೩೦, ಶನಿವಾರ

ನಾಳೆ ಸಿದ್ದರಾಮ ಬರುತ್ತಾರೆ. ಆಯಿ ಊಟ ಮಾಡಲಿಲ್ಲ. ನನಗೂ ಸೇರಲಿಲ್ಲ. ನಗು ಇಲ್ಲದಿದ್ದರೆ? ಇಲ್ಲದಿದ್ದರೆ ಇಲ್ಲ ಅನ್ನಬೇಕು. ಆಯಿ ನನ್ನನ್ನು ಆರಿಸಿದ್ದೇ ಅದಕ್ಕೆ. ಜೀವನದಲ್ಲಿ ಮೊದಲ ಸಲ ನಿಲೋಫರಳ ಬಾಯಿ ನನಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆಗಸ್ಟ್ ೩೧, ರವಿವಾರ

ಎಲ್ಲಿಂದ ಶುರು ಮಾಡಲಿ.

ಊಟದ ಹೊತ್ತು ಮುಗಿದ ಮೇಲೆ ಸಿದ್ದರಾಮ ಬಂದರು. ಟೀವಿಗೆ ಪೆನ್‌ಡ್ರೈವ್ ಚುಚ್ಚಿದರು. ಆಯಿ ನೀಲಿ ಇಳಕಲ್ ಸೀರೆ ಉಟ್ಟು ಟೀವಿಯ ಎದುರು ಕುರ್ಚಿಯಲ್ಲಿ ಕುಳಿತಿದ್ದಳು, ನಾನು ಬಾಜುಕ್ಕೆ. ನಿಲೋಫರ್ ಬಾಗಿಲ ಹತ್ತಿರ ನೆಲದ ಮೇಲೆ. ಕಿಟಕಿ ಮುಚ್ಚಿದೆವು.

ಪರದೆಯ ಮೇಲೆ ಮೊದಲು ಬರೀ ಗೀರು, ಚುಕ್ಕೆ. ಆಮೇಲೆ ರಸ್ತೆ ಕಾಣಿಸಿತು.

“ಹೇಳು” ಅಂದಳು ಆಯಿ.

“ರಸ್ತಾ. ಎರಡೂ ಕಡೆ ಬೇವಿನ ಗಿಡ. ಒಬ್ಬ ಡೊಳ್ಳುಹೊಟ್ಟಿ ಸಾಹುಕಾರ ನಿಂತಾನ, ಕೋಟು ಹಾಕ್ಯಾನ, ಬೆವರು ಒರಸ್ಕೊಳ್ಳಾಕತ್ತಾನ. ಅವನ ಹಿಂದಿಂದ ಸೈಕಲ್ ಬಂತು. ಹುಡುಗಿ ಬಂದ್ಲು ಆಯಿ. ನೀ ಬಂದಿ.”

“ಹೆಂಗದೇನಿ?”

“ಸಣ್ಣಾಕಿ ಅದಿ. ಎರಡು ಜಡಿ. ಜಂಪರಿನ ತೋಳು ಉಬ್ಬಿಸಿ ಹೊಲದಾರ. ಮೂಗು ದೊಡ್ಡದೈತಿ.”

“ಮೂಗು ಇರಲಿ ಬಿಡು, ಮುಂದ?”

“ನಿನ್ನ ಬೆನ್ನ ಹಿಂದ ಒಬ್ಬವನ ತಲಿ ಕಾಣಸ್ತೈತಿ. ಓಡಾಕತ್ತಾನ.”

“ಹೇಳಿದ್ದೆ ನಾ, ಬಗ್ಗೋ ಅಂತ!” ಅಂದಳು ಆಯಿ. ಸಿದ್ದರಾಮ ಕಿಸಕ್ಕನೆ ನಕ್ಕರು.

ಪರದೆಯಲ್ಲಿ ಹುಡುಗಿ ಬಾಯಿ ತೆರೆದಳು. “ಹಾಡಾಕ ಶುರು ಮಾಡಿದಿ” ಅಂದೆ. ಅಂದದ್ದೇ ತಡ, ಬಾಜುವಿನಿಂದ ದನಿ ಬಂತು. ಆಯಿ ಹಾಡುತ್ತಿದ್ದಳು. ಬ್ರೇಕಿಲ್ಲದ ಸೈಕಲ್ ಬಂತು, ದಾರಿ ಬಿಡಿ ಸಾಹುಕಾರರೇ ಅನ್ನುವಂಥ ಮರಾಠಿ ಹಾಡು. ತೊಂಬತ್ತೇಳರ ದನಿ, ನೂಲಿನ ಎಳೆಯ ಹಾಗೆ ಸಣ್ಣದಾಗಿತ್ತು, ಆದರೆ ಸ್ವರ ಎಲ್ಲಿಯೂ ಜಾರಲಿಲ್ಲ. ಗುನುಗುವುದನ್ನು ಕೇಳಿದ್ದೆ. ಹಾಡುವುದನ್ನು ಕೇಳಿದ್ದು ಇವತ್ತೇ.

“ಹಿಂದ ಬಿದ್ದಿ ಆಯಿ. ತುಟಿ ನಿನಗಿಂತ ಮುಂದ ಓಡಾಕತ್ತಾವ.”

ಲಯ ಏರಿಸಿದಳು. ಹುಡುಗಿಯ ತುಟಿ, ಮುದುಕಿಯ ದನಿ ಒಂದಕ್ಕೊಂದು ಕೂಡಿದವು. ನಾನು ಹೇಳುತ್ತಲೇ ಇದ್ದೆ: ಈಗ ಗಂಟೆ ಬಾರಿಸಿದಿ, ಈಗ ಸಾಹುಕಾರ ಗಿಡದ ಹಿಂದೆ ಓಡಿದ, ಈಗ ಕತ್ತು ಕೊಂಕಿಸಿದಿ. ಗಂಟಲು ಉರಿಯುತ್ತಿತ್ತು. ಯಾವಾಗ ಕೊನೆಯ ಸಾಲು ಬಂತೋ ತಿಳಿಯಲಿಲ್ಲ. ಆಯಿ ಅದನ್ನು ಅರ್ಧ ಹಾಡಿ ನಿಂತುಬಿಟ್ಟಳು. ನನ್ನ ಮೊಣಕೈ ಹಿಡಿದಳು.

“ಈಗ?”

ಪರದೆಯ ಮೇಲೆ ಒಂದು ಗೀರು ಹಾಯ್ದು ಹೋಯಿತು. ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ.

“ಕಣ್ಣು ಬಾಜುಕ ಹೋತು. ಹುಬ್ಬು ಮ್ಯಾಲೇರಿತು. ತುಟಿ ಕಚ್ಚಿ ಹಿಡದಿ, ತಡ್ಕೊಳ್ಳಾಕ ನೋಡಾಕತ್ತಿ... ಇಲ್ಲ. ನಕ್ಕಿ! ಆಯಿ, ನಕ್ಕಿ! ಕತ್ತರಿಸಿಲ್ಲ. ಇಟ್ಟಾರ, ಪೂರಾ ಇಟ್ಟಾರ.”

“ಖರೇನ?”

“ಖರೇನ. ಇನ್ನೂ ನಗಾಕತ್ತಿ. ತಲಿ ಹಿಂದ ಚೆಲ್ಲಿ ನಗಾಕತ್ತಿ, ಹಲ್ಲೆಲ್ಲಾ ಕಾಣಸ್ತಾವ. ಸಾಹುಕಾರನೂ ನಗಾಕತ್ತಾನ, ಅವನ ಹೊಟ್ಟಿ ಕುಣಿಯಾಕತ್ತೈತಿ. ಸೈಕಲ್ ವಾಲ್ತು. ಸಾವರಿಸಿದಿ. ನಗಕೋತನ ಈ ಕಡೆಯಿಂದ ಹೊರಗ ಹೋದಿ. ಈಗ ರಸ್ತಾ ಒಂದ ಉಳದೈತಿ.”

ಪರದೆ ಬೆಳ್ಳಗಾಯಿತು. ನಿಲೋಫರ್ ಮೂಗು ಸೇದಿದಳು. ಆಯಿ ನನ್ನ ಮೊಣಕೈ ಬಿಟ್ಟಿರಲಿಲ್ಲ.

“ಮೃಣಾ, ಹೆಂಗ ನಕ್ಕೆ?”

“ಹೇಳಿದ್ನಲ್ಲ.”

“ಹೇಳಿದ್ದು ಸಾಕಾಗಂಗಿಲ್ಲ. ನನಗ ನೆನಪಿಲ್ಲವಾ. ಆ ನಗು ಹೆಂಗ ಕೇಳಸ್ತಿತ್ತೋ ಮರತ ಹೋಗೇತಿ. ನೀ ನೋಡಿದಿ. ನಕ್ಕ ತೋರ್ಸು.”

ನಗುವುದೇ? ಸಿದ್ದರಾಮ ಕುಳಿತಿದ್ದಾರೆ. ಈ ಗಂಟಲು. ಆದರೂ ಹಹಹ ಅಂದೆ.

“ಇದೇನ ನಗು? ಹುಡುಗರ ಹಾಜರಿ ತಗೊಂಡಂಗ ಐತಿ.”

ಅದನ್ನು ಅಂದ ರೀತಿಗೆ, ಆ ಮುಖಕ್ಕೆ, ನನ್ನ ಒಳಗಿನಿಂದ ಏನೋ ಒಮ್ಮೆಲೇ ನುಗ್ಗಿ ಬಂತು. ನಕ್ಕೆ. ದಪ್ಪ, ಒಡಕು, ನಡುವೆ ನಡುವೆ ಗಾಳಿ, ಮತ್ತೆ ದನಿ. ನಿಲ್ಲಿಸಲು ನೋಡಿದೆ, ನಿಲ್ಲಲಿಲ್ಲ. ಅಮ್ಮ ತೀರಿಕೊಂಡ ಮೇಲೆ ನಾನು ಹೀಗೆ ನಕ್ಕಿರಲಿಲ್ಲ. ನಾಚಿಕೆ ಆಗಲಿಲ್ಲ ಅನ್ನುವುದು ಈಗ ಬರೆಯುವಾಗ ನೆನಪಾಗುತ್ತಿದೆ.

ಆಯಿ ತಡಕಾಡಿ ನನ್ನ ಗಂಟಲ ಮೇಲೆ ಅಂಗೈ ಇಟ್ಟಳು. ಆ ನಗು ನಿಲ್ಲುವ ತನಕ ತೆಗೆಯಲಿಲ್ಲ.

“ಹೌದು. ಹಿಂಗ ನಕ್ಕಿದ್ದೆ ನಾ” ಅಂದಳು. ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಇದನ್ನ ಹೆಂಗ ಕತ್ತರಸ್ತಾರವಾ, ಯಾರಾದ್ರೂ?”

ಸೆಪ್ಟೆಂಬರ್ ೧, ಸೋಮವಾರ

ಶಾಲೆಗೆ ಹೋದೆ, ಆಫೀಸಿಗಲ್ಲ, ಕ್ಲಾಸಿಗೇ. ಮನೆಗೆ ಬಂದು, ಯಾರು ಏನು ಅಂದರು, ಹುಡುಗರು ನನ್ನ ದನಿ ಕೇಳಿ ಹೇಗೆ ಮುಖ ಮುಖ ನೋಡಿಕೊಂಡರು, ಆಮೇಲೆ ಕೇಳಿಸಲಿ ಅಂತ ಹೇಗೆ ಬೆಂಚು ಮುಂದಕ್ಕೆ ಎಳೆದುಕೊಂಡರು, ಎಲ್ಲವನ್ನೂ ಆಯಿಗೆ ಹೇಳುತ್ತ ಕುಳಿತೆ. ಅವಳು ಕೇಳಿದಳು, ನಾನು ಹೇಳಿದೆ, ಚಹಾ ಎರಡು ಸಲ ಆಯಿತು.

ಈಗ ಈ ಡೈರಿ ತೆರೆದು ಕುಳಿತಿದ್ದೇನೆ. ಬರೆಯಲು ಏನೂ ಉಳಿದಿಲ್ಲ.